ಮಾತಿಗೆ ಮುಂಚಿನ ಉಸಿರು

ಮಾತಾಡುವ ಮೊದಲು ಮನುಷ್ಯ ಉಸಿರು ಎಳೆದುಕೊಳ್ಳುತ್ತಾನೆ. ಚಿಕ್ಕ ಮಾತಿಗೆ ಚಿಕ್ಕ ಉಸಿರು, ಉದ್ದ ಮಾತಿಗೆ ಉದ್ದ ಉಸಿರು. ಆ ಉಸಿರನ್ನು ಕೇಳಿಸಿಕೊಂಡು, ಬರಲಿರುವ ಮಾತು ಎಂಥದ್ದೆಂದು ಮೊದಲೇ ತಿಳಿಯಬಲ್ಲ ಯಂತ್ರವೊಂದು ಇದ್ದರೆ?

ಧಾರವಾಡದ ಶ್ರವಣ ಕೇಂದ್ರದಲ್ಲಿ ಅಂಥ ಯಂತ್ರ ಇತ್ತು. ನೋಡಲು ಕುಂಕುಮದ ಭರಣಿಯಂತಿತ್ತು.

ಆ ಹೊತ್ತಿಗೆ ಜನ ಗುರುತಿಲ್ಲದ ಕರೆ ಎತ್ತುವುದನ್ನು ಪೂರ್ತಿ ಬಿಟ್ಟಿದ್ದರು. ಕಳ್ಳ ಕರೆಗಳ ಕಾಟ ಅಷ್ಟಾಗಿತ್ತು. ಯಾರೇ ಫೋನು ಮಾಡಲಿ, ಫೋನಿಗೆ ಜೋಡಿಸಿದ ಪೆಟ್ಟಿಗೆಯೇ ಮೊದಲು ಎತ್ತುತ್ತಿತ್ತು. ಅದು ಎರಡು ಮಾತು ಹೇಳಿದ ಮೇಲೆ ಕರೆದವರು ತಮ್ಮ ಮಾತನ್ನು ಅದರಲ್ಲಿ ಬಿಟ್ಟು ಹೋಗುತ್ತಿದ್ದರು. ಸಂಜೆ ದೀಪ ಹಚ್ಚಿ ಪೆಟ್ಟಿಗೆ ಬಿಚ್ಚುವುದು ಮನೆಮನೆಯ ರೂಢಿಯಾಯಿತು. ಅವತ್ತು ಬಂದ ಮಾತುಗಳನ್ನು ಮನೆಯವರೆಲ್ಲ ಸುತ್ತ ಕೂತು ಗಟ್ಟಿಯಾಗಿ ಕೇಳುತ್ತಿದ್ದರು. ಬಂದ ಬೀಗರು, ಓಣಿಯವರು ಇದ್ದರೆ ಅವರೂ ಕೇಳುತ್ತಿದ್ದರು.

ಅಂಗಡಿಗಳಿಗೆ ಪೆಟ್ಟಿಗೆಯ ಆ ಎರಡು ಮಾತೇ ಹೊಸ್ತಿಲು. ಜನ ಅದನ್ನು ಬಾಗಿಲು ಮಾತು ಎಂದರು. ದೊಡ್ಡ ಅಂಗಡಿಯವರು ನಾಟಕದ ಮಂದಿಯನ್ನು ಕರೆಸಿ ಬಾಗಿಲು ಮಾತು ಹೇಳಿಸುತ್ತಿದ್ದರು. ಸಣ್ಣವರು ತಾವೇ ಹೇಳುತ್ತಿದ್ದರು, ನಡುವೆ ಕೆಮ್ಮುತ್ತ.

ನೀಲಗಂಗಾಳ ಕೆಲಸ ಈ ಸಣ್ಣವರ ಬಾಗಿಲು ಮಾತನ್ನು ತಿದ್ದುವುದು. ಭಾಷಾವಿಜ್ಞಾನ ಓದಿ ಶ್ರವಣ ಕೇಂದ್ರ ಸೇರಿದ್ದಳು. ಹಿಟ್ಟಿನ ಗಿರಣಿ, ಟೇಲರ್ ಅಂಗಡಿ, ಮದುವೆ ಬ್ಯಾಂಡಿನವರು, ಎಲ್ಲರಿಗೂ ಅವಳು ಹೇಳುತ್ತಿದ್ದುದು ಒಂದೇ. ಮೊದಲು ನಿಮ್ಮ ಹೆಸರು ಹೇಳಿ. ಸಿಗಲಿಲ್ಲವೆಂದು ಕ್ಷಮೆ ಕೇಳುತ್ತ ಕೂರಬೇಡಿ. ಅವರು ಏನು ಹೇಳಬೇಕೆಂದು ಹೇಳಿಕೊಡಿ. ಯಾವಾಗ ತಿರುಗಿ ಕರೆಯುತ್ತೀರೋ ಹೇಳಿ, ಹೇಳಿದ ಹೊತ್ತಿಗೆ ಕರೆಯಿರಿ.

ಪೆಟ್ಟಿಗೆಗೆ ಜೋಡಿಸುವ ಭರಣಿಯಂಥ ಯಂತ್ರ ಇದಕ್ಕೊಂದು ಹೊಸ ಉಪಾಯ ಸೇರಿಸಿತು. ಅದು ಮೊದಲು "ನಮಸ್ಕಾರ್ರೀ" ಎಂದಷ್ಟೇ ಹೇಳಿ ಚಣ ಹೊತ್ತು ಸುಮ್ಮನಿರುತ್ತಿತ್ತು. ಆ ಬಿಡುವಿನಲ್ಲಿ ಕರೆದವರು ಉಸಿರು ಎಳೆಯುತ್ತಿದ್ದರು. ಉಸಿರಿನ ಆಕಾರ ನೋಡಿ ಯಂತ್ರ ಮುಂದಿನ ಮಾತನ್ನು ಆರಿಸುತ್ತಿತ್ತು. ಅವಸರದವರಿಗೆ ಒಂದು, ನಿಧಾನದವರಿಗೆ ಇನ್ನೊಂದು. ಅವಳ ಜೊತೆಗೆ ಕೆಲಸ ಮಾಡುವ ಇಮ್ತಿಯಾಜ್ ನದಾಫ ಈ ಉಸಿರುಗಳಿಗೆ ಹೆಸರಿಟ್ಟಿದ್ದ. ಗಕ್ಕನೆ ಎಳೆದದ್ದು ಬಸ್ಸು. ಎದೆ ತುಂಬ ಎಳೆದದ್ದು ಪುರಾಣ. ಮೂರನೆಯದೊಂದಿತ್ತು, ಎಳೆದು ಅಲ್ಲೇ ಹಿಡಿದ ಉಸಿರು. ಅದಕ್ಕೆ ಅವನು ಇಟ್ಟ ಹೆಸರು, ಬಾಗಿಲಾಗ ನಿಂತಾವ್ರು. ಅವರು ಬಹುಪಾಲು ಮಾತಾಡದೆ ಫೋನು ಇಡುತ್ತಿದ್ದರು.

ಪರೀಕ್ಷೆಗೆಂದು ಕೆಲವು ಅಂಗಡಿಗಳನ್ನು ಆರಿಸುವಾಗ ನೀಲಗಂಗಾ ತನ್ನ ಸೋದರಮಾವನ ಹೆಸರನ್ನೂ ಕೊಟ್ಟಳು.

ಮಾವ ಮೌನೇಶಪ್ಪ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುತ್ತಿದ್ದ. ಕೊಳ್ಳುವವರಿಗಿಂತ ಬಾಡಿಗೆಗೆ ಒಯ್ಯುವವರು ಹೆಚ್ಚು. ಕೂಸು ಹುಟ್ಟಿ ಹೆಸರಿಡುವ ದಿನದೊಳಗೆ ತೊಟ್ಟಿಲು ಮನೆ ಸೇರಬೇಕು. ಹುಟ್ಟುವ ಮೊದಲು ಯಾರೂ ತೊಟ್ಟಿಲು ಕೇಳುವುದಿಲ್ಲ, ಕೇಳಿದರೆ ಅಪಶಕುನವೆಂಬುದು ಆ ಕಡೆಯ ನಂಬಿಕೆ. ಹಾಗಾಗಿ ಬಂದ ಪ್ರತಿ ಕರೆಯೂ ಗಡಿಬಿಡಿಯ ಕರೆ. ಮೌನೇಶಪ್ಪನೋ ಬಿಸಿ ಅರಗು ಹಚ್ಚುತ್ತ ಕೂತರೆ ಕೈ ಬಿಡುವಂತಿಲ್ಲ, ಬಿಟ್ಟರೆ ಬಣ್ಣದಲ್ಲಿ ಗೆರೆ ನಿಲ್ಲುತ್ತದೆ. ಅವನ ಹಳೆಯ ಬಾಗಿಲು ಮಾತು ಹೀಗಿತ್ತು: "ಹಲೋ. ಮೌನೇಶ. ಕೈ ಅರಗಿನಾಗ ಐತಿ. ಆಮ್ಯಾಲೆ ಮಾಡ್ರಿ."

ಜನ ಆಮೇಲೆ ಮಾಡುತ್ತಿದ್ದರು, ಹುಬ್ಬಳ್ಳಿಯ ಪ್ಲಾಸ್ಟಿಕ್ ತೊಟ್ಟಿಲಿನ ಅಂಗಡಿಗೆ.

ತಾಯಿ ತೀರಿದ ಮೇಲೆ ನೀಲಗಂಗಾ ಬೆಳೆದದ್ದು ಇದೇ ಮನೆಯಲ್ಲಿ. ಶನಿವಾರ ಬಸ್ಸಿನಲ್ಲಿ ಬಂದು ಯಂತ್ರ ಜೋಡಿಸುವಾಗ ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.

"ಇದು ಮಂದಿ ಉಸರು ಕೇಳತೈತೇನು?"

"ಹೌದು ಮಾವಾ."

"ಕೇಳಿ ಏನ್ ಮಾಡತೈತಿ?"

"ಮಾತು ಸಣ್ಣದಿದ್ರ ಸಣ್ಣಂಗ ಮುಗಿಸತೈತಿ. ದೊಡ್ಡದಿದ್ರ ಕುಂಡ್ರಿಸಿ ಕೇಳತೈತಿ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಗುರವ್ವ ಅಲ್ಲಿಂದಲೇ ಕೂಗಿದಳು. "ಹಂಗಾದ್ರ ಅದನ್ನ ನಿಮ್ಮ ಮಾವನ ಕೊಳ್ಳಾಗ ಕಟ್ಟವ್ವಾ. ನಾ ಉಸರು ಎಳಕೊಳ್ಳೂದ್ರಾಗ ಎದ್ದು ಹೊಕ್ಕಾರ."

"ನಿನ್ನ ಉಸರಿಗೆ ಯಂತ್ರ ಸುಟ್ಟ ಹೋಗತೈತಿ" ಎಂದ ಮೌನೇಶಪ್ಪ.

ಯಂತ್ರ ಸುಡಲಿಲ್ಲ. ಮಾವನ ಸಂಜೆಗಳೇ ಬದಲಾದವು. ದೀಪ ಹಚ್ಚಿ ಪೆಟ್ಟಿಗೆ ಬಿಚ್ಚಿದರೆ ಮಾತುಗಳು ಒಂದರ ಹಿಂದೊಂದು ಬರುತ್ತಿದ್ದವು. ಗಂಡು ಕೂಸು, ಸೋಮವಾರ ಹೆಸರಿಡೂದೈತ್ರಿ. ಅವಳಿ ಜವಳಿ ಆಗ್ಯಾವ್ರೀ, ಜೋಡಿ ತೊಟ್ಟಿಲ ಬೇಕು. ಹೆಣ್ಣು ಕೂಸು, ನವಿಲಿನ ಚಿತ್ರ ಇದ್ದದ್ದ ಕೊಡ್ರಿ. ಮಾವ ಒಂದೊಂದಕ್ಕೂ ತಲೆಯಾಡಿಸುತ್ತ "ಹೂಂನಪಾ, ಕೊಡೂಣು" ಎಂದು ಪೆಟ್ಟಿಗೆಗೇ ಉತ್ತರ ಕೊಡುತ್ತಿದ್ದ. ಗುರವ್ವ ಗಂಡು ಎಷ್ಟು ಹೆಣ್ಣು ಎಷ್ಟು ಎಂದು ನೆನಪಿಟ್ಟು ಬಾವಿಕಟ್ಟೆಯಲ್ಲಿ ವರದಿ ಮಾಡುತ್ತಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಆ ವರ್ಷ ಹೆಣ್ಣು ಕೂಸುಗಳೇ ಹೆಚ್ಚು ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೆ.

ಒಂದೇ ಸಮಸ್ಯೆ. ನಡುನಡುವೆ ಏನೂ ಇಲ್ಲದ ಕರೆಗಳು. ಒಂದು ಉಸಿರು, ಆಮೇಲೆ ಫೋನು ಇಟ್ಟ ಸದ್ದು.

"ಇವ್ರು ಯಾರು ಗೊತ್ತೇನು?" ಮೌನೇಶಪ್ಪ ದನಿ ತಗ್ಗಿಸಿ ಹೇಳಿದ. "ಪ್ಲಾಸ್ಟಿಕ್‌ನವ್ರು. ನನ್ನ ಅಂಗಡಿ ಮುಚ್ಚೇತೋ ಇಲ್ಲೋ ಅಂತ ದಿನಾ ನೋಡ್ತಾರ."

"ಅವ್ರಿಗೆ ಬ್ಯಾರೆ ಕೆಲಸಿಲ್ಲೇನು?" ಎಂದಳು ಗುರವ್ವ.

"ಪ್ಲಾಸ್ಟಿಕ್ ಮಾಡಾಕ ಏನ ಕೆಲಸ? ಅಚ್ಚಿನಾಗ ಹೊಯ್ದ್ರ ಆತು. ಉಳಿದ ಹೊತ್ತು ನನಗ ಫೋನ್ ಮಾಡ್ತಾರ."

ಶ್ರವಣ ಕೇಂದ್ರದ ಪರದೆಯ ಮೇಲೂ ಆ ಕರೆಗಳು ಕಾಣುತ್ತಿದ್ದವು. ಬೇರೆ ಅಂಗಡಿಗಳಲ್ಲಿ ಬಾಗಿಲಾಗ ನಿಂತವರು ಅಲ್ಲೊಬ್ಬರು ಇಲ್ಲೊಬ್ಬರು. ತೊಟ್ಟಿಲ ಅಂಗಡಿಯಲ್ಲಿ ಮೂರರಲ್ಲಿ ಒಂದು ಪಾಲು ಅವರೇ. ಉಸಿರನ್ನು ತೋರಿಸುವ ನೀಲಿ ಗೆರೆ ಸರ್ರನೆ ಏರಿ ಮೇಲೆ ಸಪಾಟಾಗಿ ನಿಲ್ಲುತ್ತಿತ್ತು. ಅಲ್ಲಿಗೇ ಕರೆ ಮುಗಿಯುತ್ತಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹಂಚಿನಮನಿ ಕನ್ನಡಕ ಹಣೆಗೇರಿಸಿ ಅದನ್ನು ನೋಡಿದರು. "ನೀಲಗಂಗಾ, ಇಷ್ಟು ಗಿರಾಕಿ ಬಾಗಿಲಿಗೆ ಬಂದು ಹೊಳ್ಳಿ ಹೋಗಾಕತ್ತಾರ. ಏನ ಕಾರಣ?"

"ನಾಚಿಕೆ ಇರಬಹುದು ಸರ್. ಪೆಟ್ಟಿಗೆ ಜೊತಿ ಮಾತಾಡಾಕ."

"ಹಂಗಾದ್ರ ನಾವ ಹೋಗಿ ಮಾತಾಡಿಸೂಣು" ಎಂದ ನದಾಫ. "ಯಾರು ಮಾತಾಡದ ಇಡ್ತಾರ, ಮರುದಿನ ನಮ್ಮ ಪೆಟ್ಟಿಗಿನ ಅವ್ರಿಗೆ ಕರಿ ಮಾಡ್ಲಿ."

ಒಳ್ಳೆಯ ಯೋಚನೆ ಎಂದು ಎಲ್ಲರಿಗೂ ಅನಿಸಿತು. ತಿರುಗಿ ಕರೆಯುವ ಮಾತನ್ನು ಬರೆದದ್ದು ನೀಲಗಂಗಾಳೇ. ಎರಡು ವಾಕ್ಯ, ನೇರ, ಸ್ಪಷ್ಟ. 'ಕಲಘಟಗಿ ಮೌನೇಶಪ್ಪನವರ ಅಂಗಡಿಯಿಂದ ಮಾತಾಡುತ್ತಿದ್ದೇವೆ. ನಿನ್ನೆ ಕರೆ ಮಾಡಿದ್ದಿರಿ, ತೊಟ್ಟಿಲು ಯಾವ ದಿನಕ್ಕೆ ಬೇಕು ತಿಳಿಸಿ.' ಬರೆದು ಮುಗಿಸಿ ಅವಳು ಚಹಾ ಕುಡಿಯಲು ಹೋದಳು.

ಮುಂದಿನ ಶನಿವಾರ ಅವಳು ಕಲಘಟಗಿಗೆ ಬಂದಾಗ ಮಾವ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದ. ಹಿಂದಿನ ಸಂಜೆ ಪೆಟ್ಟಿಗೆಯಲ್ಲಿ ಬಂದದ್ದು ಬರೀ ಬೈಗಳು. ಯಾಕೆಂದು ಅವನಿಗೆ ತಿಳಿದಿರಲಿಲ್ಲ. ಅವನು ಅದನ್ನು ಹೇಳುತ್ತಿರುವಾಗಲೇ ಅಂಗಳದಲ್ಲಿ ಆಟೋ ನಿಂತಿತು. ಎತ್ತರದ, ಗಟ್ಟಿ ಮೈಯ ಹೆಂಗಸೊಬ್ಬಳು ಇಳಿದಳು. ಅವಳ ಹಿಂದೆ ಸೆರಗು ಹೊದ್ದ ಸಣ್ಣ ವಯಸ್ಸಿನ ಸೊಸೆ. ಮಿಶ್ರಿಕೋಟಿಯ ಫಕೀರವ್ವ ಎಂದರೆ ಆ ಕಡೆ ಎಲ್ಲರಿಗೂ ಗೊತ್ತು. ಸೊಸೆಯ ಹೆಸರು ಮಹಾನಂದಾ.

"ಮೌನೇಶಪ್ಪಾ, ಏಳು ಮ್ಯಾಲೆ."

"ಬಾ ಯಕ್ಕಾ, ಒಳಗ ಬಾ."

"ಒಳಗ ಬರಾಕ ಬಂದಿಲ್ಲ. ನಿನ್ನಿ ಸಂಜಿಕ ದೀಪಾ ಹಚ್ಚಿ ಪೆಟಗಿ ಬಿಚ್ಚೇವಿ. ಬೀಗರು ಬಂದಾರ. ಓಣ್ಯಾಗಿನ ಹೆಣಮಕ್ಕಳು ಕುಂತಾರ. ನಿನ್ನ ಪೆಟಗಿ ಏನಂತ ಒದರ್ತು ಗೊತ್ತೈತೇನು? ತೊಟ್ಟಿಲ ಯಾವ ದಿನಕ್ಕ ಬೇಕು ಅಂತು! ಕೂಸು ಹುಟ್ಟೇತೇನು ನಮ್ಮನ್ಯಾಗ?"

"ಯಕ್ಕಾ, ನಾ ಕರಿ ಮಾಡಿಲ್ಲ."

"ನಿನ್ನ ಹೆಸರ ಹೇಳತೈತಿ. ನೀ ಮಾಡಿಲ್ಲಂದ್ರ ನಿನ್ನ ದೆವ್ವ ಮಾಡೇತೇನು?"

ಫಕೀರವ್ವನ ದನಿ ಈಗ ತಗ್ಗಿತು. ಅದು ಕೂಗಿಗಿಂತ ಗಟ್ಟಿಯಾಗಿ ನಾಟಿತು.

"ಹ್ವಾದ ವರ್ಷ ಒಂದ ಕೈಗೆ ಬಂದು ಹೋತು. ಈ ಸಲ ತವರಮನಿಗೆ ಸೈತ ಬಾಯಿಬಿಟ್ಟು ಹೇಳಿಲ್ಲ ನಾವು. ಹಂಗ ಮುಚ್ಚಿಟಗೊಂಡು ಕುಂತೇವಿ. ನಿನ್ನ ಪೆಟಗಿ ಊರಿಗೆಲ್ಲ ಡಂಗುರ ಹೊಡೀತು. ಹುಟ್ಟೂಕಿನ ಮೊದಲ ತೊಟ್ಟಿಲದ ಮಾತಾಡೂದಂದ್ರೇನು, ತೊಟ್ಟಿಲ ಮಾಡಾವ ನೀ, ನಿನಗ ತಿಳಿಯೂದಿಲ್ಲ?"

ನೀಲಗಂಗಾ ಮುಂದೆ ಬಂದಳು. "ಅಮ್ಮಾರ, ತಪ್ಪು ಮಾವಂದಲ್ರಿ. ಆ ಮಾತು ಬರದಾಕಿ ನಾನು. ನಿಮ್ಮ ನಂಬರದಿಂದ ಕರಿ ಬಂದಿತ್ತು, ಅದಕ್ಕ..."

"ನಮ್ಮ ನಂಬರದಿಂದ?" ಫಕೀರವ್ವ ಸರಕ್ಕನೆ ಸೊಸೆಯ ಕಡೆ ತಿರುಗಿದಳು. "ನೀ ಮಾಡಿದ್ದೇನು? ಯಾಕ ಮಾಡಿದ್ದಿ?"

ಮಹಾನಂದಾ ತಲೆಯೆತ್ತಿದಳು. ಉಸಿರು ಎಳೆದುಕೊಂಡಳು. ಎದೆಯ ತುದಿಗೆ ಬಂದು ಅದು ನಿಂತಿತು. ಮಾತು ಬರಲಿಲ್ಲ. ಕಣ್ಣು ಕೆಳಗೆ ಹೋದವು.

ಆ ಉಸಿರು ನೀಲಗಂಗಾಳಿಗೆ ಚೆನ್ನಾಗಿ ಗೊತ್ತಿತ್ತು. ಪರದೆಯ ಮೇಲೆ ದಿನವೂ ನೋಡುತ್ತಿದ್ದಳು. ಸರ್ರನೆ ಏರಿ ಸಪಾಟಾಗಿ ನಿಲ್ಲುವ ನೀಲಿ ಗೆರೆ. ಅದಕ್ಕೆ ಮುಖವಿದ್ದದ್ದು ಇವತ್ತು ಕಂಡಿತು.

"ಆತು" ಎಂದಳು ಫಕೀರವ್ವ, ಮತ್ತೆ ಮೌನೇಶಪ್ಪನ ಕಡೆ ತಿರುಗಿ. "ಇನ್ನ ಮಿಶ್ರಿಕೋಟ್ಯಾಗ ಒಂದ ಮನಿಯವ್ರೂ ನಿನ್ನ ತೊಟ್ಟಿಲ ಮುಟ್ಟಾಂಗಿಲ್ಲ. ಸುತ್ತ ಹಳ್ಳಿಗೂ ಹೇಳ್ತೇನಿ. ಹುಟ್ಟೂಕಿನ ಮೊದಲ ಕರಿಯೂ ತೊಟ್ಟಿಲ ಅಂತ ಹೆಸರ ಆಗಲಿ ನಿಂದಕ್ಕ."

ಗುರವ್ವ ಹೊರಗೆ ಬಂದು ಚಹಾ ಕುಡಿದು ಹೋಗಿರೆಂದಳು. ಫಕೀರವ್ವ ಹೊಸ್ತಿಲು ದಾಟಲಿಲ್ಲ. ಸೊಸೆ ನೀರು ಕೇಳಿದಳು. ಬಸುರಿಗೆ ನೀರು ಬೇಡವೆನ್ನಲಾದೀತೆ, ಫಕೀರವ್ವ ಕೈಬೀಸಿ ಒಳಗೆ ಹೋಗೆಂದಳು.

ಅಡಿಗೆಮನೆಯಲ್ಲಿ ಮಹಾನಂದಾ ತಂಬಿಗೆ ಎತ್ತಿ ನೀರು ಕುಡಿದಳು. ನೀಲಗಂಗಾ ಬಾಗಿಲಿಗೆ ಒರಗಿ ನಿಂತಳು. ಕೇಳುವ ಮೊದಲೇ ಆ ಹುಡುಗಿ ಹೇಳಿದಳು.

"ತೊಟ್ಟಿಲ ಕೇಳಾಕ ಮಾಡಿದ್ದಿಲ್ರಿ ಅಕ್ಕಾರ. ಕೇಳಬಾರದು ಅಂತ ನಂಗೂ ಗೊತ್ತೈತಿ."

"ಮತ್ತ?"

"ಹುಟ್ಟಿದ ಮ್ಯಾಲೆ ಬೇಕಲ್ರೀ. ಆವಾಗ ನೀವು ಇರ್ತೀರೋ ಇಲ್ಲೋ ಅಂತ... ಫೋನ್ ಮಾಡ್ತೇನಿ. ನಮಸ್ಕಾರ್ರೀ ಅಂತೈತಿ. ಇಡ್ತೇನಿ. ಅಷ್ಟ." ತಂಬಿಗೆಯನ್ನು ಬೋರಲು ಹಾಕಿ ಸೆರಗು ಸರಿಮಾಡಿಕೊಂಡಳು. "ಇನ್ನೊಂದೀಟು ಹೊತ್ತು ಕೇಳಬೇಕನಸ್ತೈತಿ. ಆದ್ರ ಆಮ್ಯಾಲೆ ಅದು, ಹೆಸರ ಹೇಳ್ರಿ, ದಿನಾ ಹೇಳ್ರಿ ಅಂತೈತಿ. ನಾ ಯಾವ ದಿನಾ ಹೇಳ್ಲಿ?"

ಆಟೋ ಹೋದ ಮೇಲೆ ಮೌನೇಶಪ್ಪ ಹೇಳಿದ್ದು ಒಂದೇ ಮಾತು. "ಪ್ಲಾಸ್ಟಿಕ್‌ನವ್ರಲ್ಲ ಹಂಗಾದ್ರ."

ಗುರವ್ವ ನಗಲಿಲ್ಲ. ನೀಲಗಂಗಾ ಮಿಶ್ರಿಕೋಟಿಗೆ ಹೋಗಿ ಇನ್ನೊಮ್ಮೆ ತಪ್ಪೊಪ್ಪಿಕೊಂಡು ಬರುತ್ತೇನೆಂದಾಗ ತಡೆದಳು. "ನೀ ಹೋದ್ರ ಮತ್ತೊಮ್ಮೆ ಓಣಿ ಕೂಡತೈತಿ. ಆ ಹುಡಿಗಿ ಸಲುವಾಗಿ ಸುಮ್ನ ಇರು."

ಆ ವಾರ ತೊಟ್ಟಿಲ ಅಂಗಡಿಗೆ ಬಂದ ಮಾತುಗಳು ಅರ್ಧಕ್ಕಿಂತ ಕಡಿಮೆ. ಫಕೀರವ್ವ ಹೇಳಿದ್ದನ್ನು ಮಾಡುವವಳು.

ತಿರುಗಿ ಕರೆಯುವುದನ್ನು ನೀಲಗಂಗಾ ಸೋಮವಾರ ಬೆಳಗ್ಗೆಯೇ ನಿಲ್ಲಿಸಿದ್ದಳು. ಅದಕ್ಕೆ ಯಾರೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಅವಳ ಮುಂದಿನ ಮಾತಿಗೆ.

"ಏನಂತಿ?" ಎಂದರು ಹಂಚಿನಮನಿ.

"ಉಸಿರು ಹಿಡಿದವ್ರಿಗೆ ಬ್ಯಾರೆ ಬಾಗಿಲು ಮಾತು ಬೇಕು ಸರ್. ಅವ್ರಿಂದ ಏನೂ ಕೇಳಬಾರದು. ಹೆಸರೂ ಬ್ಯಾಡ, ದಿನಾನೂ ಬ್ಯಾಡ."

ನದಾಫ ಕುರ್ಚಿ ತಿರುಗಿಸಿದ. "ಮಾತಾಡಬ್ಯಾಡ್ರಿ ಅನ್ನೂ ಪೆಟ್ಟಿಗಿ ಮಾಡಾಕ ನಮಗ ಪಗಾರ ಕೊಡ್ತಾರೇನ್ರಿ ಮೇಡಂ?"

ಹಂಚಿನಮನಿಯವರು ಕೆಟ್ಟ ಮನುಷ್ಯನಲ್ಲ. ಕನ್ನಡಕ ತೆಗೆದು ಸಾವಕಾಶ ಹೇಳಿದರು. "ನೋಡವ್ವಾ, ಕರಿ ಮಾಡಿದವ್ರು ಮಾತು ಬಿಟ್ಟು ಹೋದ್ರ ಗೆದ್ದ ಕರಿ, ಬಿಡದ ಹೋದ್ರ ಸೋತ ಕರಿ. ಎಲ್ಲಾ ಅಂಗಡಿಗೂ ಇದ ಅಳತಿ. ಮುಂದಿನ ತಿಂಗಳು ಪರೀಕ್ಷಕರು ಬರ್ತಾರ. ನಿಮ್ಮ ಮಾವನ ಅಂಗಡ್ಯಾಗ ಸೋಲಾಕಂತನ ಒಂದು ಮಾತು ಇಟ್ಟೇವಿ ಅಂತ ಹ್ಯಾಂಗ ಹೇಳ್ಲಿ?"

"ಅವ್ರು ಹೇಳಾಕ ಬಂದವ್ರಲ್ಲ ಸರ್. ಕೇಳಿಸಿಕೊಳ್ಳಾಕ ಬಂದವ್ರು."

"ಇರಬಹುದು. ಕೇಳಿಸಿಕೊಂಡು ಸಮಾಧಾನ ಆತೋ ಇಲ್ಲೋ, ಅದನ್ನ ಅಳಿಯೂದು ಹ್ಯಾಂಗ?"

ಅವಳು ಅದನ್ನು ಯೋಚಿಸಿಯೇ ಬಂದಿದ್ದಳು. ಪರದೆಯ ಮೇಲೆ ಹಳೆಯ ಕರೆಗಳನ್ನು ಸಾಲಾಗಿ ಹರವಿದಳು. ಒಂದರ ಕೆಳಗೊಂದು ನೀಲಿ ಗೆರೆಗಳು. ಎಲ್ಲವೂ ಏರಿ, ಸಪಾಟಾಗಿ, ಅಲ್ಲೇ ಕಡಿದಿದ್ದವು. ಕತ್ತರಿಯಿಂದ ಕತ್ತರಿಸಿದ ಹಾಗೆ.

"ನಾವು ಒಳಗ ಹೋಗೂ ಉಸಿರನ್ನಷ್ಟ ಅಳದೇವಿ ಸರ್. ಹೊರಗ ಬರೂ ಉಸಿರು ಎಲ್ಲೈತಿ? ಇವ್ರೆಲ್ಲ ಅದನ್ನ ಹಿಡಕೊಂಡ ಫೋನ್ ಇಟ್ಟಾರ. ಸರಿಯಾದ ಮಾತು ಕೇಳಿದ್ರ, ಇಡೂಕಿನ ಮೊದಲ ಆ ಉಸಿರು ಬಿಡ್ತಾರ. ಅದನ್ನ ನಮ್ಮ ಯಂತ್ರ ಹಿಡೀತೈತಿ. ಅದ ಅಳತಿ."

ನದಾಫ ಕುರ್ಚಿ ಅಲ್ಲಾಡಿಸುವುದನ್ನು ನಿಲ್ಲಿಸಿದ. ಪರದೆಯ ಹತ್ತಿರ ಹೋಗಿ ಬೆರಳಿನಿಂದ ಒಂದು ಗೆರೆಯ ತುದಿಯನ್ನು ಮುಟ್ಟಿದ. "ಹೌದಲ್ರೀ" ಎಂದ, ತನಗೇ ಎಂಬಂತೆ.

ಹಂಚಿನಮನಿ ಬಹಳ ಹೊತ್ತು ಗೆರೆಗಳನ್ನು ನೋಡಿದರು. "ನಿಮ್ಮ ಮಾವನ ಅಂಗಡಿ ಒಂದಕ್ಕ ಮಾಡು. ಪರೀಕ್ಷಕರು ಬರೂತನಕ. ಗೆರಿ ಇಳೀಲಿಲ್ಲಂದ್ರ ಅಂಗಡಿ ಹೆಸರು ತಗೀತೇನಿ, ಆಮ್ಯಾಲೆ ನನ್ನ ಬೈಬ್ಯಾಡ."

ಹೆಸರು ತೆಗೆದರೆ ಯಂತ್ರವೂ ಹೋಗುತ್ತದೆ. ಮಾವ ಮತ್ತೆ 'ಕೈ ಅರಗಿನಾಗ ಐತಿ' ಎನ್ನುವ ಮಟ್ಟಕ್ಕೆ ಬರಬೇಕು, ಅದೂ ಹಳ್ಳಿಗಳೆಲ್ಲ ಮುನಿಸಿಕೊಂಡಿರುವಾಗ. ಶನಿವಾರ ಬಸ್ಸಿನಲ್ಲಿ ಅವಳು ಆ ಹೊಸ ಮಾತನ್ನು ಮನಸ್ಸಿನಲ್ಲೇ ಬರೆದಳು, ಹೊಡೆದಳು.

ಮಧ್ಯಾಹ್ನ ಊಟವಾದ ಮೇಲೆ ಮೂವರೂ ಪಡಸಾಲೆಯಲ್ಲಿ ಕೂತರು. ಸುತ್ತ ಅರ್ಧ ಬಣ್ಣದ ಹಲಗೆಗಳು ಗೋಡೆಗೆ ಒರಗಿದ್ದವು.

"'ನಿಮ್ಮ ಸಲುವಾಗಿ ತೊಟ್ಟಿಲ ತಯಾರಿರತೈತಿ' ಅಂದ್ರ?" ಎಂದಳು ನೀಲಗಂಗಾ.

"ಹುಚ್ಚಿ" ಎಂದಳು ಗುರವ್ವ. "ಅದ ಮಾತಿಗಲ್ಲೇನು ಆಕಿ ಬಂದು ಬೈದ್ಹೋಗಿದ್ದು?"

"'ಚಿಂತಿ ಮಾಡಬ್ಯಾಡ್ರಿ'?"

"ಚಿಂತಿ ಅಂದ ಕೂಡಲೇ ಚಿಂತಿ ಚಾಲೂ ಆಗತೈತಿ."

"'ಎಲ್ಲಾ ಚಲೋ ಆಗತೈತಿ' ಅನ್ನೂಣೇನು?" ಎಂದ ಮೌನೇಶಪ್ಪ.

"ನೀವೇನು ದೇವರೇನು? ತೊಟ್ಟಿಲ ಅನಬ್ಯಾಡ್ರಿ, ಕೂಸು ಅನಬ್ಯಾಡ್ರಿ, ಆಗತೈತಿ ಹೋಗತೈತಿ ಏನೂ ಅನಬ್ಯಾಡ್ರಿ."

"ಮತ್ತ ಏನ ಅನ್ಲಿ ನಾ, ಕೆಮ್ಮಲೇನು?"

ಗುರವ್ವ ಸೆರಗು ಬಾಯಿಗಿಟ್ಟು ನಕ್ಕಳು. ನೀಲಗಂಗಾಳಿಗೂ ನಗು ಬಂತು. ಬರೆದದ್ದನ್ನೆಲ್ಲ ಹೊಡೆದು ಹಾಕಿದಳು. ಕೊನೆಗೆ ಉಳಿದದ್ದು ಬಹಳ ಕಡಿಮೆ.

"ಮಾವಾ, ಇದನ್ನ ನೀವ ಹೇಳಬೇಕು. ಯಂತ್ರದ ದನಿ ಬ್ಯಾಡ."

ಮೌನೇಶಪ್ಪ ಗಂಟಲು ಸರಿಮಾಡಿಕೊಂಡ. ಬೆನ್ನು ನೆಟ್ಟಗೆ ಮಾಡಿದ. "ನಾನು ಮೌನೇಶಪ್ಪನು ಮಾತನಾಡುತ್ತಿದ್ದೇನೆ..."

"ಇದ್ಯಾವ ಮೌನೇಶಪ್ಪರೀ?" ಎಂದಳು ಗುರವ್ವ. "ರೇಡಿಯೋದಾಗಿನಂವ?"

ಎರಡನೆಯ ಸಲ ಅವನು ಓದಿದಂತೆ ಹೇಳಿದ. ಮೂರನೆಯ ಸಲ ಬಹಳ ಗಟ್ಟಿಯಾಯಿತು, ಗೋಡೆಯಾಚೆಯ ನೆರೆಯವರು "ಏನಾತು?" ಎಂದು ಕೇಳಿದರು. ಅವನು ಬೇಸತ್ತು ಎದ್ದು ಒಂದು ಹಲಗೆ ಎಳೆದುಕೊಂಡು ಕುಂಚ ಹಿಡಿದ. ಹೂವಿನ ಎಸಳೊಂದನ್ನು ತುಂಬುತ್ತ, ಕಣ್ಣು ಅದರ ಮೇಲಿಟ್ಟು, ಯಾರೋ ಬಾಗಿಲಿಗೆ ಬಂದಿದ್ದಾರೆ ಎಂಬಂತೆ ಹೇಳಿದ.

"ಮೌನೇಶ ಮಾತಾಡಾಕತ್ತೇನಿ. ನಾ ಇಲ್ಲೇ ಅದೇನಿ. ನೀವೇನೂ ಹೇಳೂದು ಬ್ಯಾಡ. ಆರಾಮ ಇರ್ರಿ."

ನೀಲಗಂಗಾ ಗುಂಡಿ ಒತ್ತಿದಳು. ಇನ್ನೊಮ್ಮೆ ಬೇಕಾಗಲಿಲ್ಲ.

ಮೊದಲ ಕೆಲವು ದಿನ ಪರದೆಯ ಮೇಲೆ ಏನೂ ಹೊಸದಿರಲಿಲ್ಲ. ಬೈಸಿಕೊಂಡ ಅಂಗಡಿಗೆ ಬಾಗಿಲಲ್ಲಿ ನಿಲ್ಲುವವರೂ ಕಡಿಮೆಯಾಗಿದ್ದರು. ಬಂದ ಒಬ್ಬಿಬ್ಬರು ನಮಸ್ಕಾರ್ರೀ ಎನ್ನುವಷ್ಟರಲ್ಲೇ ಇಟ್ಟುಬಿಟ್ಟರು. ನೀಲಗಂಗಾ ಬೇರೆ ಅಂಗಡಿಗಳ ಕೆಲಸ ಮಾಡಿದಳು. ಸೈಕಲ್ ರಿಪೇರಿಯವನಿಗೆ ಬಾಗಿಲು ಮಾತು ಬರೆದುಕೊಟ್ಟಳು. ಅಡಿಗೆ ಮಾಡಿಕೊಂಡು ಉಂಡಳು, ಮಲಗಿದಳು.

ಒಂದು ಬೆಳಗ್ಗೆ ನದಾಫ ಅವಳ ಮೇಜಿನ ಹತ್ತಿರ ಬಂದು ಬನ್ನಿ ಎಂದು ಕೈಸನ್ನೆ ಮಾಡಿದ. ಅವಳು ಎದ್ದು ಅವನ ಹಿಂದೆ ಹೋದಳು.

ಪರದೆಯ ಮೇಲೆ ಒಂದು ನೀಲಿ ಗೆರೆ. ಏರಿತು, ಸಪಾಟಾಗಿ ನಿಂತಿತು. ಮಾವನ ದನಿ ಮುಗಿಯಿತು. ಗೆರೆ ಅಲ್ಲೇ ಇತ್ತು. ಆಮೇಲೆ ಇಳಿಯತೊಡಗಿತು. ದಿಬ್ಬದಿಂದ ಮನೆ ಕಡೆಗೆ ನಡೆದುಬರುವವರ ಹಾಗೆ, ಅವಸರವಿಲ್ಲದೆ, ತಳಮುಟ್ಟುವವರೆಗೆ ಇಳಿಯಿತು. ಆಮೇಲೆ ಫೋನು ಇಟ್ಟ ಸದ್ದು.

"ಇನ್ನೊಂದೈತಿ" ಎಂದ ನದಾಫ. "ಬ್ಯಾರೆ ನಂಬರು. ಅದೂ ಹಿಂಗ."

ಹಂಚಿನಮನಿಯವರು ಬಂದು ನೋಡಿ, ಇನ್ನೊಮ್ಮೆ ಹಾಕೆಂದು ಹೇಳಿ ನೋಡಿ, ಹೋಗುವಾಗ ಒಂದು ಮಾತಂದರು. "ಪರೀಕ್ಷಕರಿಗೆ ಇದನ್ನ ನೀನ ತೋರಸು. ನನಗ ಹೇಳಾಕ ಬರೂದಿಲ್ಲ."

ಯಂತ್ರ ಉಳಿಯುವುದು ಖಾತ್ರಿಯಾಯಿತು. ಆದರೆ ಅಂಗಡಿಗೆ ಜನ ಬರಬೇಕಲ್ಲ. ಮಿಶ್ರಿಕೋಟಿಯ ಕಡೆಯಿಂದ ಒಂದು ಮಾತೂ ಬಂದಿರಲಿಲ್ಲ. ಗುರವ್ವ ಬಾವಿಕಟ್ಟೆಯಲ್ಲಿ ವರದಿ ಮಾಡುವುದನ್ನು ಬಿಟ್ಟಿದ್ದಳು. ಮಿಶ್ರಿಕೋಟಿಯಲ್ಲಿ ಎರಡು ಕೂಸು ಹುಟ್ಟಿದ್ದು ಅವಳಿಗೆ ಸಂತೆಯಲ್ಲಿ ತಿಳಿಯಿತು. ಎರಡೂ ಪ್ಲಾಸ್ಟಿಕ್ ತೊಟ್ಟಿಲಿಗೆ ಹೋಗಿದ್ದವು. ಅದನ್ನು ಕೇಳಿ ಮೌನೇಶಪ್ಪ ಆ ದಿನ ಕುಂಚ ತೊಳೆದಿಟ್ಟು ಮತ್ತೆ ಎತ್ತಲಿಲ್ಲ.

ಮುಂದಿನ ಶನಿವಾರ ಸಂಜೆ ಗುರವ್ವ ದೀಪ ಹಚ್ಚಿ ಕೈಮುಗಿದಳು. ಮಾವ ಪೆಟ್ಟಿಗೆ ಬಿಚ್ಚಿದ. ಅಳ್ನಾವರದ ಕಡೆಯಿಂದ ಒಬ್ಬರು ಹಳೆಯ ತೊಟ್ಟಿಲಿಗೆ ಬಣ್ಣ ಹಚ್ಚಿಕೊಡುವಿರಾ ಎಂದು ಕೇಳಿದ್ದರು. ಆಮೇಲೆ ಎರಡು ಮಾತಿಲ್ಲದ ಕರೆ. ಉಸಿರು ಬಂತು, ಹೋಯಿತು. ಈಗೀಗ ಆ ಸದ್ದಿಗೆ ಮಾವ ತಲೆಯಾಡಿಸುವುದನ್ನು ಕಲಿತಿದ್ದ.

ಕೊನೆಯ ಕರೆ. ಎದೆ ಗಟ್ಟಿಯಿರುವವರ ದೊಡ್ಡ ಉಸಿರು, ನಡುವೆ ಹಿಡಿದದ್ದು. ಮೌನೇಶಪ್ಪನ ದನಿ ತನ್ನ ನಾಲ್ಕು ಮಾತು ಹೇಳಿ ಮುಗಿಸಿತು. ಆರಾಮ ಇರ್ರಿ. ಉಸಿರು ಇನ್ನೂ ನಿಂತೇ ಇತ್ತು. ಗುರವ್ವ ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟಳು. ಪೆಟ್ಟಿಗೆಯ ಆ ಕಡೆ ಎಲ್ಲೋ ದೂರದಲ್ಲಿ ಎಮ್ಮೆಯೊಂದು ಕೂಗಿತು.

"ಹೂಂ."

ಅಷ್ಟೇ. ಫೋನು ಇಟ್ಟ ಸದ್ದು.

ಹೆಸರು ಬೇಕಾಗಲಿಲ್ಲ. ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಬೈದ ಗಂಟಲು ಅದು. ಸೊಸೆಗೆ ಗೊತ್ತಾಗದ ಹಾಗೆ, ಕೊಟ್ಟಿಗೆಯಲ್ಲಿ ನಿಂತು ಮಾಡಿರಬೇಕು.

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದರೆ ಯಾರಾದರೂ ಏನಾದರೂ ಅಂದುಬಿಡುತ್ತಿದ್ದರು. ಮೌನೇಶಪ್ಪ ಎದ್ದು ಪಡಸಾಲೆಯ ದೀಪ ಹಾಕಿದ. ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ಸರಿಸಿ, ಹಿಂದೆ ಇದ್ದ ಹಸನಾದ ಸಾಗವಾನಿಯ ಹಲಗೆಯನ್ನು ಹೊರಗೆಳೆದ. ಅಂಗೈಯಿಂದ ಅದರ ಧೂಳು ಒರೆಸಿದ. ಒಲೆಯ ಮೇಲೆ ಅರಗು ಇಟ್ಟ.

"ಯಾರಿಗ್ರೀ ಅದು?" ಎಂದಳು ಗುರವ್ವ, ಕೇಳಬಾರದೆಂದು ಗೊತ್ತಿದ್ದೂ.

"ಯಾರಿಗೂ ಅಲ್ಲ" ಎಂದ ಮೌನೇಶಪ್ಪ.

ಗುರವ್ವ ಹೂಂಗುಟ್ಟಿ, ಅವನ ಪಕ್ಕಕ್ಕೆ ಬಣ್ಣದ ಬಟ್ಟಲುಗಳನ್ನು ತಂದಿಟ್ಟಳು.